ಕೂತಲ್ಲೇ ಇಪ್ಪತ್ತೆಂಟು ಸಾವಿರ ಹೆಜ್ಜೆ ನಡೆದ ನನ್ನಕ್ಕ

ಆರೋಗ್ಯ ಸುಧಾರಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನೀವು ನನ್ನ ಅಕ್ಕನನ್ನು ಗುಣಪಡಿಸಿಬಿಟ್ಟಿದ್ದೀರಿ. ಮುಟ್ಟದೆ, ನೋಡದೆ, ಎದೆಗೆ ಕಿವಿಯಿಡದೆ, ಫೋನಿಗೆ ಬಂದ ಒಂದೇ ಒಂದು ಸಂದೇಶದಲ್ಲಿ. ಹೃದಯದ ಕವಾಟ ಕಿರಿದಾಗಿದೆ, ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ನಿಮ್ಮದೇ ಆಸ್ಪತ್ರೆಯ ವೈದ್ಯೆ ಬರೆದುಕೊಟ್ಟಿದ್ದ ಅರವತ್ತೊಂದು ವರ್ಷದ ಹೆಂಗಸನ್ನು ನಿಮ್ಮ ಕಚೇರಿ ತುರ್ತು ಪಟ್ಟಿಯಿಂದ ಕಿತ್ತು ಸಾಮಾನ್ಯ ಪಟ್ಟಿಗೆ ಎಸೆದಿದೆ. ಮುಂದಿನ ತಪಾಸಣೆ ಹದಿನಾಲ್ಕು ತಿಂಗಳ ನಂತರವಂತೆ. ಯಾಕೆಂದರೆ ಆಕೆ ದಿನಕ್ಕೆ ಇಪ್ಪತ್ತೆಂಟು ಸಾವಿರ ಹೆಜ್ಜೆ ನಡೆಯುತ್ತಾಳಂತೆ. ನನ್ನ ಅಕ್ಕ ಮನೆಯ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಹೋಗಬೇಕಾದರೆ ದಾರಿಯಲ್ಲಿ ಎರಡು ಸಲ ನಿಂತು ಗೋಡೆ ಹಿಡಿಯುತ್ತಾಳೆ. ಈ ಎರಡು ಸಂಗತಿಗಳಲ್ಲಿ ಒಂದು ಮಾತ್ರ ನಿಜ. ಯಾವುದೆಂದು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ, ಕಣ್ಣಿದ್ದರೆ ಸಾಕು. ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಕಣ್ಣಿದೆಯೇ?

ನನಗೆ ಭಯವಾಗುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಸಿಟ್ಟು ನೋಡಿ ನೀವು ನನ್ನನ್ನು ಧೈರ್ಯಸ್ಥೆ ಎಂದುಕೊಳ್ಳುವುದು ಬೇಡ. ನಾನು ಇಪ್ಪತ್ತನೆಯ ವಯಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವಳು. ಹಗಲು ಮಾಲೀಕರ ಆಮಂತ್ರಣ ಪತ್ರಿಕೆಗೆ ಮೊಳೆ ಜೋಡಿಸಿ, ಊಟದ ಬಿಡುವಿನಲ್ಲಿ ಅದೇ ಮೊಳೆಗಳಿಂದ ಅವರ ವಿರುದ್ಧವೇ ಕರಪತ್ರ ಅಚ್ಚು ಹಾಕಿದವಳು. ಧರಣಿ ಕೂತಿದ್ದೇನೆ, ಧಿಕ್ಕಾರ ಕೂಗಿ ಗಂಟಲು ಕೆಡಿಸಿಕೊಂಡಿದ್ದೇನೆ, ಬೆನ್ನ ಮೇಲೆ ಕೋಲಿನ ಬರೆ ಮೂಡಿಸಿಕೊಂಡಿದ್ದೇನೆ. ಆಗ ಇಷ್ಟು ಹೆದರಿರಲಿಲ್ಲ. ಕೋಲು ಹಿಡಿದವನಿಗೆ ಒಂದು ಮುಖವಿತ್ತು. ಅವನ ಮೀಸೆಯ ಕೆಳಗೆ ಬೆವರಿತ್ತು. 'ಯಾಕಪ್ಪಾ ಹೊಡೀತೀಯ' ಎಂದು ಕೇಳಿದರೆ ಒಂದು ಗಳಿಗೆ ಕಣ್ಣು ತಪ್ಪಿಸುತ್ತಿದ್ದ. ಈಗ ನನ್ನ ಅಕ್ಕನ ಉಸಿರನ್ನು ಹಿಡಿದಿರುವವರು ಯಾರೆಂದೇ ಗೊತ್ತಿಲ್ಲ. ಯಾರನ್ನು ಬೈಯಲಿ? ಯಾರ ಕಾಲು ಹಿಡಿಯಲಿ? ಎರಡಕ್ಕೂ ನಾನು ಸಿದ್ಧಳಿದ್ದೇನೆ, ಎರಡಕ್ಕೂ ಜನ ಸಿಕ್ಕುತ್ತಿಲ್ಲ.

ಫೋನು, ಯಂತ್ರ ಅಂದರೆ ಮೂಗು ಮುರಿಯುವ ಹಳೇ ಕಾಲದವಳು ಎಂದು ನನ್ನನ್ನು ತಳ್ಳಿಹಾಕಬೇಡಿ. ಈ ಬೀದಿಗೆ ಫೋನಿನ ಅಕ್ಷರಾಭ್ಯಾಸ ಮಾಡಿಸಿದವಳೇ ನಾನು. ಅಕ್ಕನದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ನಾವಿಬ್ಬರೂ ಇರುವ ಒಂದೇ ಕೋಣೆ. ಅಂಗಡಿಯ ಮುಂದೆ ಒಂದು ಉದ್ದನೆಯ ಬೆಂಚಿದೆ. ಐದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಆ ಬೆಂಚಿನ ಮೇಲೆ ನನ್ನ ಶಾಲೆ ನಡೆಯುತ್ತದೆ. ಮಾತ್ರೆಯ ಹೊತ್ತನ್ನು ಫೋನು ನೆನಪಿಸುವಂತೆ ಮಾಡುವುದು, ಬರೆಯಲು ಬಾರದವರು ಮಾತಾಡಿ ಬರೆಸುವುದು, ಸಣ್ಣ ಅಕ್ಷರವನ್ನು ಕ್ಯಾಮೆರಾದಲ್ಲಿ ಹಿಗ್ಗಿಸಿ ಓದುವುದು, ದೂರದ ಮಗಳಿಗೆ ಮುಖ ತೋರಿಸುವುದು. ಅಕ್ಕನ ಗೋಡೆಗೆ ಒಂದು ರಟ್ಟು ತೂಗುಹಾಕಿದ್ದೇನೆ: 'ಫೋನು ನಮ್ಮ ಕೈಲಿರಲಿ, ನಾವು ಫೋನಿನ ಕೈಲಿ ಬೇಡ.' ಚಟ ಹೋಗುವುದಿಲ್ಲ ನೋಡಿ, ಎಲ್ಲಿ ಹೋದರೂ ಒಂದು ಘೋಷಣೆ ಬರೆಯುತ್ತೇನೆ. ಅದಕ್ಕೇ ಅಕ್ಕ ನನ್ನನ್ನು ಕರೆಯುವುದೇ 'ಕರಪತ್ರ' ಎಂದು.

ಅಕ್ಕನ ಬದುಕು ಆ ಫೋನಿನಿಂದ ನಿಜಕ್ಕೂ ಹಗುರಾಗಿತ್ತು, ಸುಳ್ಳು ಹೇಳುವುದಿಲ್ಲ. ಸೂಜಿಯ ಕಣ್ಣು ಕಾಣದೆ ಎದುರುಮನೆಯವರನ್ನು ಕರೆಯುತ್ತಿದ್ದವಳು ಫೋನನ್ನು ಸೂಜಿಯ ಮುಂದೆ ಹಿಡಿದು, ಬಾವಿಯಷ್ಟು ದೊಡ್ಡದಾಗಿ ಕಾಣುವ ತೂತಿಗೆ ತಾನೇ ದಾರ ಪೋಣಿಸತೊಡಗಿದಳು. ಟೇಪು ಹಿಡಿದು 'ಎದೆ ಮೂವತ್ತಾರು, ತೋಳು ಇಪ್ಪತ್ತೆರಡೂವರೆ' ಎಂದು ಗಟ್ಟಿಯಾಗಿ ಹೇಳಿದರೆ ಫೋನು ಅಳತೆ ಬರೆದುಕೊಳ್ಳುತ್ತಿತ್ತು. ಮಾತ್ರೆಯ ಹೊತ್ತಿಗೆ ನನ್ನದೇ ದನಿ: 'ಅಕ್ಕಾ, ಬಿಳೀ ಮಾತ್ರೆ. ಆಮೇಲೆ ತಗೋತೀನಿ ಅಂತ ಬದಿಗಿಡಬೇಡ.' ನಾನು ಎದುರಿಗೆ ನಿಂತು ಹೇಳಿದರೆ ಕೇಳದವಳು ಫೋನಿನೊಳಗಿನ ನನಗೆ ಹೆದರುತ್ತಿದ್ದಳು. 'ಇವಳು ಮನೇಲಿದ್ದಾಗ ಒಬ್ಬಳೇ ಇದ್ದಳು, ಈಗ ಇಬ್ಬರಾಗಿದ್ದಾಳೆ' ಎಂದು ಗಿರಾಕಿಗಳ ಹತ್ತಿರ ದೂರುತ್ತಿದ್ದಳು.

ಆದ್ದರಿಂದ, ಶಸ್ತ್ರಚಿಕಿತ್ಸೆಗೆ ಕಾದಿರುವವರೆಲ್ಲ ಕೈಗೆ ಕಟ್ಟಿಕೊಳ್ಳಬೇಕೆಂದು ನಿಮ್ಮ ಕಚೇರಿ ಒಂದು ಬ್ಯಾಂಡ್ ಕೊಟ್ಟಾಗ ಸಂತೋಷಪಟ್ಟವಳು ನಾನೇ. ನಡೆದ ಹೆಜ್ಜೆ, ಎದೆಬಡಿತ, ನಿದ್ದೆ ಎಲ್ಲವನ್ನೂ ಅದು ಅಳೆದು ನಿಮಗೆ ಕಳಿಸುತ್ತದೆ, ಯಾರಿಗೆ ಎಷ್ಟು ತುರ್ತು ಎಂದು ನೀವು ಕೂತಲ್ಲೇ ತಿಳಿಯುತ್ತೀರಿ ಎಂದಿದ್ದಿರಿ. ಒಳ್ಳೆಯದೇ ಅಲ್ಲವೇ? ನಮ್ಮಂಥವರು ಕಷ್ಟ ಹೇಳಿಕೊಳ್ಳಲು ಬಾರದೆ ಸಾಯುವವರು. ಅಕ್ಕನಂತೂ ವೈದ್ಯೆ ಹೇಗಿದ್ದೀರಿ ಎಂದು ಕೇಳಿದರೆ 'ಚೆನ್ನಾಗಿದ್ದೀನಮ್ಮ, ನೀವು?' ಎನ್ನುವವಳು. ಅವಳ ಬದಲು ಯಂತ್ರವಾದರೂ ನಿಜ ಹೇಳಲಿ ಎಂದುಕೊಂಡೆ.

ಮಾನ್ಯರೇ, ಈಗ ಹೇಳುವುದನ್ನು ಗಮನವಿಟ್ಟು ಓದಿ. ಇದು ನನ್ನ ತಪ್ಪೊಪ್ಪಿಗೆ.

ದರ್ಜಿಯ ಎಡ ಮಣಿಕಟ್ಟು ದರ್ಜಿಯದಲ್ಲ, ಗುಂಡುಸೂಜಿಗಳದ್ದು. ಅಲ್ಲಿ ಒಂದು ಪುಟ್ಟ ಮೆತ್ತೆ ಕಟ್ಟಿರುತ್ತಾರೆ, ಬಟ್ಟೆಯಿಂದ ಕಿತ್ತ ಗುಂಡುಸೂಜಿಯನ್ನು ನೋಡದೆಯೇ ಅದಕ್ಕೆ ಚುಚ್ಚುತ್ತಾರೆ. ನಲವತ್ತು ವರ್ಷದಿಂದ ಅಕ್ಕನ ಕೈ ನೋಡದೆ ಚುಚ್ಚುತ್ತಾ ಬಂದಿದೆ. ಮೆತ್ತೆ ತೆಗೆದು ಅಲ್ಲಿ ನಿಮ್ಮ ಬ್ಯಾಂಡ್ ಕಟ್ಟಿದ ಮೊದಲ ದಿನ ಮೂರು ಸಲ ತನ್ನ ಕೈಗೇ ಚುಚ್ಚಿಕೊಂಡಳು. ಬಲಗೈಗೆ ಕಟ್ಟಿದರೆ ಸೂಜಿಯ ಕೆಳಗೆ ಬಟ್ಟೆ ನೂಕುವಾಗ ಬ್ಯಾಂಡಿನ ಕೊಂಡಿ ನೂಲಿಗೆ ಸಿಕ್ಕಿ ಯಾರದೋ ಹೊಸ ಅಂಗಿಯ ಎಳೆ ಕಿತ್ತು ಬಂತು. ಅವಳು ಬ್ಯಾಂಡನ್ನು ಬಿಚ್ಚಿ ಕತ್ತರಿಯ ಪಕ್ಕಕ್ಕಿಟ್ಟು, 'ನೀನೇ ಕಟ್ಟಿಕೊಂಡು ಅಚ್ಚುಮನೆಗೆ ಹೋಗಿ ಬಾ, ಹೆಜ್ಜೆ ಹೆಜ್ಜೆನೇ ಅಲ್ವೇನೇ' ಎಂದಳು. ನಾನು, ನಿಯಮ ಗೊತ್ತಿದ್ದವಳು, ಹಾಗೆಲ್ಲ ಮಾಡಬಾರದು ಎಂದು ಗದರಿದೆ. ಗದರಿ, ಮಂಡಿಯೂರಿ ಕೂತು, ಅದನ್ನು ನನ್ನ ಕೈಯಾರೆ ಅವಳ ಎಡಗಾಲಿನ ಹರಡಿಗೆ ಕಟ್ಟಿದೆ. ಸಡಿಲವಾಗದಿರಲಿ ಎಂದು ಮೇಲೊಂದು ಕಾಲುಚೀಲ ಹಾಕಿದೆ. ಬ್ಯಾಂಡಿನ ಜೊತೆ ಅಕ್ಕನ ಫೋನಿಗೆ ಹಾಕಿಸಿದ್ದ ಆ್ಯಪು ಯಾವ ಕೈ ಎಂದು ಕೇಳಿತು. ಎಡ, ಬಲ ಎಂಬ ಎರಡೇ ಗುಂಡಿಗಳಿದ್ದವು. ಕಾಲು ಎಂಬುದಿರಲಿಲ್ಲ. ನಾನು ಎಡ ಒತ್ತಿದೆ.

ಅಕ್ಕನದು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಮೋಟಾರು ಹಾಕಿಸೋಣವೆಂದರೆ ಒಪ್ಪಿದವಳಲ್ಲ. ಮೋಟಾರು ತನ್ನಿಷ್ಟಕ್ಕೆ ಓಡುತ್ತದೆ, ಕಾಲು ನನ್ನಿಷ್ಟಕ್ಕೆ ಎನ್ನುತ್ತಾಳೆ. ವೈದ್ಯೆ ಮೆಟ್ಟಿಲು ಬೇಡ, ಭಾರ ಬೇಡ, ಕೂತು ಮಾಡುವ ಕೆಲಸ ಸ್ವಲ್ಪ ಹೊತ್ತು ಪರವಾಗಿಲ್ಲ ಎಂದಿದ್ದರು. ಕೂತು ಮಾಡುವ ಕೆಲಸಕ್ಕೂ ಕಾಲಿರುತ್ತದೆ ಎಂದು ಆ ತಾಯಿಗೆ ಹೊಳೆದಿರಲಿಲ್ಲ, ನಮಗೂ ಹೊಳೆಯಲಿಲ್ಲ. ಶಾಲೆ ತೆರೆಯುವ ಕಾಲ, ಸಮವಸ್ತ್ರದ ರಾಶಿ. ಒಂದು ತೋಳು ಹೊಲಿದು ನಿಂತು ಉಸಿರು ತೆಗೆದುಕೊಂಡು ಇನ್ನೊಂದು ತೋಳು, ಹೀಗೆ ಅರ್ಧ ದಿನ ಅಕ್ಕ ತುಳಿಯುತ್ತಿದ್ದಳು. ಪೆಡಲು ಒಂದು ಸಲ ಕೆಳಗೆ ಹೋಗಿ ಮೇಲೆ ಬಂದರೆ ನಿಮ್ಮ ಬ್ಯಾಂಡು ಅದನ್ನು ಹೆಜ್ಜೆ ಎಂದಿತು.

ನಾವು ನಕ್ಕೆವು. ಸಂಜೆಯಾದರೆ ಫೋನು ಪಟಾಕಿ ಹಾರಿಸುತ್ತಿತ್ತು. 'ಶಭಾಷ್! ಇಂದು ನೀವು ಇಪ್ಪತ್ತಾರು ಸಾವಿರ ಹೆಜ್ಜೆ ನಡೆದಿದ್ದೀರಿ!' ಎದುರಿನ ಬೀಗ ರಿಪೇರಿಯವನು ದಿನಾ ಬಂದು ಇವತ್ತೆಷ್ಟು ಎಂದು ಕೇಳುತ್ತಿದ್ದ. ಕೇಳಿ, ಬೆಂಚಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, 'ಅಕ್ಕೋರು ಕೂತಲ್ಲೇ ಪಕ್ಕದೂರು ಮುಟ್ಟಿ ಬಂದವ್ರೆ, ಸ್ವಲ್ಪ ನೀರು ಕೊಡ್ರಪ್ಪ' ಎನ್ನುತ್ತಿದ್ದ. ಒಂದು ವಾರ ಆ್ಯಪಿನವರು ಅಕ್ಕನಿಗೆ 'ನಡಿಗೆಯ ರಾಣಿ' ಎಂಬ ಕಿರೀಟ ತೊಡಿಸಿದರು. ಅಕ್ಕ ನಗುತ್ತಾ ಎದೆ ಹಿಡಿದುಕೊಂಡು, ನಗಿಸಬೇಡಿ ಉಸಿರು ಸಾಲೋದಿಲ್ಲ ಎಂದಳು. ಕಿರೀಟ ಇಟ್ಟುಕೊಂಡ ರಾಣಿಗೆ ಆ ದಿನ ಉಸಿರು ಸಾಲುತ್ತಿರಲಿಲ್ಲ. ನಾವ್ಯಾರೂ ಎರಡನ್ನೂ ಒಟ್ಟಿಗೆ ನೋಡಲಿಲ್ಲ. ಆ್ಯಪಿನಲ್ಲಿ ಎದೆಬಡಿತದ ಜಾಗ ಖಾಲಿ ಇತ್ತು. ಕಾಲುಚೀಲದೊಳಗೆ ಕಾಲಿನ ಹರಡಿನಲ್ಲಿ ಕೂತ ಬ್ಯಾಂಡಿಗೆ ಬಡಿತ ಸಿಕ್ಕಿರಲಿಲ್ಲ. ಖಾಲಿ ಇದ್ದರೆ ಯಾರಾದರೂ ಫೋನು ಮಾಡಿ ಕೇಳುತ್ತಾರೆ ಬಿಡು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ನಿಮ್ಮಲ್ಲಿ ಖಾಲಿ ಎಂದರೆ ಗೊತ್ತಿಲ್ಲ ಎಂದಲ್ಲ, ದೋಷವಿಲ್ಲ ಎಂದರ್ಥ.

ನಲವತ್ತನೆಯ ದಿನ ಸಂದೇಶ ಬಂತು. 'ಅಭಿನಂದನೆಗಳು. ನಿಮ್ಮ ದೈನಂದಿನ ಚಟುವಟಿಕೆ ನಿಮ್ಮ ವಯೋಮಾನದವರಲ್ಲಿ ಅತ್ಯುತ್ತಮವಾಗಿದೆ. ಎದೆಬಡಿತದಲ್ಲಿ ಯಾವುದೇ ದೋಷ ದಾಖಲಾಗಿಲ್ಲ. ನಿಮ್ಮ ಸರದಿಯನ್ನು ಸಾಮಾನ್ಯ ಪಟ್ಟಿಗೆ ವರ್ಗಾಯಿಸಲಾಗಿದೆ.' ಅಕ್ಕ ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ, ನನಗಿಂತ ಕಷ್ಟದಲ್ಲಿರೋರು ಯಾರೋ ಮುಂದೆ ಹೋದರು ಅನ್ನಿಸುತ್ತೆ, ಹೋಗಲಿ ಬಿಡು ಎಂದಳು. ಇಂಥ ಜನರನ್ನು ಇಟ್ಟುಕೊಂಡು ನೀವು ಕಚೇರಿ ನಡೆಸುತ್ತಿದ್ದೀರಿ ಮಾನ್ಯರೇ, ನಿಮ್ಮ ಪುಣ್ಯ ದೊಡ್ಡದು.

ನಾನು ನಿಮ್ಮ ಕಚೇರಿಗೆ ಬಂದೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿಲ ಬಳಿ 'ಇದು ಕಾಗದರಹಿತ ಕಚೇರಿ' ಎಂದು ಕಾಗದದ ಮೇಲೆ ಮುದ್ರಿಸಿ ಟೇಪು ಹಾಕಿ ಅಂಟಿಸಿದ್ದೀರಿ. ಮುದ್ರಣ ಚೆನ್ನಾಗಿದೆ, ಕಸುಬಿನವಳಾಗಿ ಹೇಳುತ್ತಿದ್ದೇನೆ. ಅಹವಾಲು ಪೆಟ್ಟಿಗೆಯ ಬಾಯಿಗೂ ಅದೇ ಟೇಪು. ಒಬ್ಬಳು ಹುಡುಗಿ ಮೇಜಿನ ಹಿಂದೆ ಕಂಪ್ಯೂಟರು ಇಟ್ಟುಕೊಂಡು ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಪೆಡಲು, ಕಾಲುಚೀಲ, ಎಡಗೈ ಗುಂಡಿ ಎಲ್ಲವನ್ನೂ. ಅವಳು ಗಮನವಿಟ್ಟು ಕೇಳಿದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೇಳಿ, ದನಿ ತಗ್ಗಿಸಿ ಹೇಳಿದಳು:

'ಆಂಟಿ, ನನಗೆ ಅರ್ಥ ಆಗ್ತಿದೆ. ಆದ್ರೆ ಅರ್ಥ ಆಗಿದ್ದನ್ನ ಹಾಕೋಕೆ ಇದ್ರಲ್ಲಿ ಜಾಗ ಇಲ್ಲ. ನೀವು ಆ್ಯಪಲ್ಲೇ ದೂರು ಕೊಡಿ.'

ಆ್ಯಪಿನಲ್ಲಿ ದೂರು ಕೊಟ್ಟೆ. ಎದುರಿಗಿದ್ದದ್ದು ಒಂದು ನಗುವ ಮುಖದ ಚಿತ್ರ. ನನ್ನ ಅಕ್ಕನ ಪ್ರಾಣ ಅಪಾಯದಲ್ಲಿದೆ ಎಂದು ಬರೆದೆ. ಪ್ರತಿದಿನ ಅರ್ಧ ಗಂಟೆ ನಡಿಗೆ ಹೃದಯಕ್ಕೆ ಒಳ್ಳೆಯದು ಎಂದು ಉತ್ತರ ಬಂತು. ಅವಳು ನಡೆಯುತ್ತಿಲ್ಲ ಎಂದು ಬರೆದೆ. ನಿಮ್ಮ ದಾಖಲೆಯ ಪ್ರಕಾರ ನೀವು ನಡೆಯುತ್ತಿದ್ದೀರಿ, ಮುಂದುವರಿಸಿ ಎಂದಿತು. ಒಬ್ಬ ಮನುಷ್ಯರ ಹತ್ತಿರ ಮಾತಾಡಬೇಕು ಎಂದು ಬರೆದೆ. ನಿಮ್ಮ ಸಮಸ್ಯೆ ಬಗೆಹರಿದಿದ್ದಕ್ಕೆ ಸಂತೋಷ ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ವೈದ್ಯೆಯನ್ನೇ ಕಾಣೋಣವೆಂದು ಆಸ್ಪತ್ರೆಗೆ ಹೋದರೆ ಅಲ್ಲಿನ ಗೇಟು ಫೋನು ತೋರಿಸಿದರೆ ತೆರೆಯುವಂಥದ್ದು. ಹದಿನಾಲ್ಕು ತಿಂಗಳ ನಂತರ ಬರಬೇಕಾದವಳಿಗೆ ಅದು ಹದಿನಾಲ್ಕು ತಿಂಗಳ ನಂತರವೇ ತೆರೆಯುತ್ತದೆ.

ಸರಿ, ತಪ್ಪು ನನ್ನದು, ತಿದ್ದಿಬಿಡೋಣ ಎಂದು ಬ್ಯಾಂಡನ್ನು ಕಾಲಿನಿಂದ ಬಿಚ್ಚಿ ನಿಮ್ಮ ನಿಯಮದಂತೆ ಕೈಗೆ ಕಟ್ಟಿದೆ. ಹೊಲಿಗೆಯನ್ನೇ ನಿಲ್ಲಿಸಿದೆವು. ಮೊದಲ ದಿನ ಮುನ್ನೂರ ಹತ್ತು ಹೆಜ್ಜೆ. ಅದು ನನ್ನ ಅಕ್ಕನ ನಿಜವಾದ ದಿನ ಮಾನ್ಯರೇ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಒಲೆಗೆ, ಒಲೆಯಿಂದ ಬೆಂಚಿಗೆ. ಈಗಲಾದರೂ ಯಂತ್ರಕ್ಕೆ ಗಾಬರಿಯಾಗುತ್ತದೆ ಎಂದು ಕಾದೆ. ಆರನೆಯ ದಿನ ಗಾಬರಿಯಾಯಿತು. 'ನಿಮ್ಮ ಚಟುವಟಿಕೆಯಲ್ಲಿ ಅಸಹಜ ಇಳಿಕೆ ಕಂಡುಬಂದಿದೆ. ಬ್ಯಾಂಡನ್ನು ಬೇರೆಯವರು ಧರಿಸಿರುವ ಶಂಕೆಯಿದೆ. ಏಳು ದಿನಗಳೊಳಗೆ ಮೊದಲಿನ ಸ್ಥಿತಿಗೆ ಮರಳದಿದ್ದಲ್ಲಿ ನಿಮ್ಮ ನೋಂದಣಿ ರದ್ದಾಗುತ್ತದೆ.'

ಸುಳ್ಳು ಹೆಜ್ಜೆಗೆ ಕಿರೀಟ, ನಿಜವಾದ ಹೆಜ್ಜೆಗೆ ಕಳ್ಳತನದ ಆರೋಪ. ಸಾಮಾನ್ಯ ಪಟ್ಟಿಯಲ್ಲಿ ಕಾಯುವುದಕ್ಕೂ ಪಟ್ಟಿಯಲ್ಲೇ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು. ಅಕ್ಕ, ರದ್ದು ಮಾಡಿಕೊಳ್ಳಲಿ ಬಿಡೇ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ನಂಬಿದೆ.

ನಾನು ಬೆಳಿಗ್ಗೆ ಅಚ್ಚುಮನೆಗೆ ಕರಡು ತಿದ್ದಲು ಹೋಗಿ ಮಧ್ಯಾಹ್ನ ಊಟಕ್ಕೆ ಬರುವವಳು. ಅದಾಗಿ ಆರು ದಿನಕ್ಕೆ, ಕರೆಂಟು ಹೋಗಿ ಅಚ್ಚುಮನೆ ನಿಂತದ್ದರಿಂದ ಹತ್ತೂವರೆಗೇ ಬಂದೆ. ಬೀದಿಯ ತಿರುವಿನಲ್ಲೇ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ದರ್ಜಿಯ ಜೊತೆ ಬದುಕಿದವರಿಗೆ ಗೊತ್ತು, ಆ ಸದ್ದು ಎರಡು ಥರ. ಬಟ್ಟೆ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಬಟ್ಟೆ ಇದ್ದಾಗ ಅದು ಜಗಿಯುತ್ತದೆ, ನಿಲ್ಲುತ್ತದೆ, ತಿರುಗುತ್ತದೆ, ಮತ್ತೆ ಜಗಿಯುತ್ತದೆ. ಇದು ಜಗಿಯುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಹಲ್ಲು ಕಡಿಯುವ ಸದ್ದು. ನಾನು ಓಡಿದೆ.

ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಸೂಜಿಗೆ ದಾರವಿರಲಿಲ್ಲ. ಅದರ ಕೆಳಗೆ ಬಟ್ಟೆಯಿರಲಿಲ್ಲ. ಅಕ್ಕ ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿ, ಖಾಲಿ ಯಂತ್ರವನ್ನು ತುಳಿಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಬ್ಯಾಂಡು ಕಾಲಿನ ಹರಡಿನಲ್ಲಿತ್ತು, ಮೇಲೆ ಅದೇ ಕಾಲುಚೀಲ. ನಾನು ಬರುವ ಹೊತ್ತಿಗೆ ದಿನವೂ ಅದನ್ನು ಬಿಚ್ಚಿ ಕೈಗೆ ಕಟ್ಟಿಕೊಂಡು, ಫೋನಿನ ಸದ್ದನ್ನೂ ಅಡಗಿಸಿಡುತ್ತಿದ್ದಳಂತೆ, ಆಮೇಲೆ ಗೊತ್ತಾಯಿತು. ನಾನು ಅವಳ ಮೊಣಕಾಲು ಹಿಡಿದು ನಿಲ್ಲಿಸಿದೆ. ಅವಳು ಕಣ್ಣು ತೆರೆದು, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಮಗುವಿನ ಹಾಗೆ ನನ್ನನ್ನು ನೋಡಿದಳು.

'ನಂಬರ್ ಬೀಳಬಾರ್ದಲ್ವೇನೇ' ಎಂದಳು. 'ಬಿದ್ರೆ ಹೆಸರು ತೆಗೀತಾರೆ. ಇನ್ನೊಂದು ಎಂಟು ಸಾವ್ರ ಅಷ್ಟೇ. ತುಳಿದು ಮುಗಿಸಿಬಿಡ್ತೀನಿ ಇರು.'

ಏಳಲು ಹೋದವಳು ಹಾಗೆಯೇ ನನ್ನ ಭುಜದ ಮೇಲೆ ಕುಸಿದಳು. ಬೀಗದವನು ಕೈಲಿದ್ದ ಅರವನ್ನು ಎಸೆದು ಓಡಿಬಂದ. ಅವಳನ್ನು ಕುರ್ಚಿ ಸಮೇತ ಎತ್ತಿ ಆಟೋದವರೆಗೆ ಹೊತ್ತವರು ನಾವಿಬ್ಬರೇ. ಅವನ ಬಾಯಿಂದ ಆ ದಿನ ಒಂದು ತಮಾಷೆಯೂ ಬರಲಿಲ್ಲ. ದಾರಿಯಲ್ಲಿ ಅಕ್ಕನ ಕಾಲು ನನ್ನ ತೊಡೆಯ ಮೇಲಿತ್ತು. ಬ್ಯಾಂಡು ಸಣ್ಣಗೆ ಅದುರಿತು. ಹೊರಡುವಾಗ ನನ್ನ ಚೀಲಕ್ಕೆ ಹಾಕಿಕೊಂಡಿದ್ದ ಅಕ್ಕನ ಫೋನು ನೋಡಿದೆ. 'ನೀವು ವಿಶ್ರಾಂತಿಯಲ್ಲಿದ್ದೀರಿ. ಉತ್ತಮ ಅಭ್ಯಾಸ!'

ತುರ್ತು ಚಿಕಿತ್ಸೆಯ ಕೋಣೆಗೆ ಗೇಟಿಲ್ಲ, ದೇವರು ದೊಡ್ಡವನು. ಅಲ್ಲಿದ್ದ ಎಳೆಯ ವೈದ್ಯ ಅಕ್ಕನ ಎದೆಗೆ ಸ್ಟೆತಸ್ಕೋಪು ಇಟ್ಟ. ಇಟ್ಟವನು ತೆಗೆಯಲೇ ಇಲ್ಲ. ಕಣ್ಣು ಮುಚ್ಚಿ ಕೇಳಿದ, ಜಾಗ ಬದಲಿಸಿ ಕೇಳಿದ. ಇಡೀ ಎರಡು ತಿಂಗಳಲ್ಲಿ ನನ್ನ ಅಕ್ಕನ ಎದೆಯನ್ನು ಕೇಳಿದ ಮೊದಲ ಮನುಷ್ಯ ಅವನು. ಆಮೇಲೆ ಅವಳಿಗೆ ಕೇಳಿಸದಂತೆ ನನ್ನನ್ನು ಪರದೆಯಾಚೆ ಕರೆದು, ಇವರನ್ನು ಸಾಮಾನ್ಯ ಪಟ್ಟಿಗೆ ಹಾಕಿದವರು ಯಾರು ಎಂದು ಕೇಳಿದ. ನಾನು ಫೋನು ತೋರಿಸಿದೆ. ಅವನು ಇಪ್ಪತ್ತೆಂಟು ಸಾವಿರ ನೋಡಿದ, ನನ್ನ ಮುಖ ನೋಡಿದ.

'ನಾನು ತುರ್ತು ಅಂತ ಬರೆದು ಕೊಡ್ತೀನಿ' ಎಂದ. 'ಆದ್ರೆ ಪಟ್ಟಿ ನಮ್ಮ ಕೈಲಿಲ್ಲಮ್ಮ, ಆ ಕಚೇರೀದು. ಈ ಚೀಟೀನ ನೀವು ಎಲ್ಲಿಗೆ ಹಾಕ್ತೀರಿ ಅನ್ನೋದು ನನಗೂ ಗೊತ್ತಿಲ್ಲ.'

ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಚೀಟಿ ನನ್ನ ಹತ್ತಿರವಿದೆ. ಕಾಗದರಹಿತ ಕಚೇರಿಗೆ ಕಾಗದ ಹಾಕಲು ಜಾಗವಿಲ್ಲದ್ದರಿಂದ, ನಲವತ್ತು ವರ್ಷದ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇನೆ. ಅಚ್ಚು ಹಾಕಿ ಬೀದಿಗೆ ಇಡುತ್ತಿದ್ದೇನೆ.

ನೀವು ಹೇಳಬಹುದು, ಒಬ್ಬ ದರ್ಜಿಯ ತಂಗಿ ನಿಯಮ ಮೀರಿ ಕಾಲಿಗೆ ಕಟ್ಟಿದ್ದಕ್ಕೆ ಇಡೀ ವ್ಯವಸ್ಥೆಯನ್ನು ದೂರುವುದೇ? ದೂರುತ್ತೇನೆ. ಕೂತು ದುಡಿಯುವವರ ಕೈಕಾಲು ಎಲ್ಲೆಲ್ಲಿ ಆಡುತ್ತದೆಂದು ನಿಮ್ಮಲ್ಲಿ ಒಬ್ಬರಾದರೂ ಬೀದಿಗಿಳಿದು ನೋಡಿದ್ದೀರಾ? ದಿನವಿಡೀ ಚಕ್ರ ತುಳಿದು ಚಾಕು ಸಾಣೆ ಹಿಡಿಯುವವನು ನಿಮ್ಮ ದಾಖಲೆಯಲ್ಲಿ ಎಷ್ಟು ಊರು ಸುತ್ತಿರುತ್ತಾನೆ? ತೊಟ್ಟಿಲು ತೂಗುವ ಅಜ್ಜಿಯ ಕೈ ಎಷ್ಟು ಸಾವಿರ ಹೆಜ್ಜೆ ಇಟ್ಟಿರುತ್ತದೆ? ಹಳ್ಳಕೊಳ್ಳದ ರಸ್ತೆಯಲ್ಲಿ ಬಸ್ಸು ಓಡಿಸುವವನು? ಇವರಲ್ಲಿ ಎಷ್ಟು ಜನ ನಿಮ್ಮ ಕಿರೀಟ ಇಟ್ಟುಕೊಂಡು ಸಾಮಾನ್ಯ ಪಟ್ಟಿಯಲ್ಲಿ ಕೂತಿದ್ದಾರೆ? ಎಷ್ಟು ಜನ ಈಗ ಪಟ್ಟಿಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ? ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿಲ್ಲ ಎಂಬುದು ನನ್ನ ಭಯ. ಗೊತ್ತಿಲ್ಲದಿರುವ ಜಾಗವನ್ನು ನೀವು ದೋಷವಿಲ್ಲ ಎಂದು ತುಂಬಿಕೊಂಡಿದ್ದೀರಿ ಎಂಬುದು ಅದಕ್ಕಿಂತ ದೊಡ್ಡ ಭಯ.

ಯಂತ್ರ ತಪ್ಪು ಮಾಡುತ್ತದೆ, ಮನುಷ್ಯರೂ ಮಾಡುತ್ತಾರೆ, ನಾನೂ ಮಾಡಿದೆ. ಅಕ್ಕನ ಫೋನು ಅವಳು ಹೇಳಿದ ಅಳತೆಯನ್ನು ಒಮ್ಮೆ ತಪ್ಪಾಗಿ ಬರೆದುಕೊಂಡು, ಒಬ್ಬ ದಢೂತಿ ಮಾಸ್ತರರಿಗೆ ಮೊಮ್ಮಗನ ಅಳತೆಯ ಷರಾಯಿ ತಯಾರಾಗಿತ್ತು. ಅವರು ಬಂದರು, ಬೈದರು, ಅಕ್ಕ ಬಿಚ್ಚಿ ಹೊಲಿದಳು. ಅಂಗಡಿಗೊಂದು ಬಾಗಿಲಿತ್ತು, ಬಾಗಿಲಲ್ಲಿ ಬೈಯಿಸಿಕೊಳ್ಳಲು ಒಬ್ಬ ಹೆಂಗಸಿದ್ದಳು. ಅಷ್ಟೇ ನನ್ನ ವಾದ. ಬೇರೆ ಏನೂ ಇಲ್ಲ. ನಿಮ್ಮ ಬ್ಯಾಂಡನ್ನು ಸುಟ್ಟುಹಾಕಿ ಎನ್ನುತ್ತಿಲ್ಲ, ಬೈಯಿಸಿಕೊಳ್ಳಲು ಒಬ್ಬರನ್ನು ಕೂರಿಸಿ ಎನ್ನುತ್ತಿದ್ದೇನೆ.

ಇನ್ನೊಂದು ತಪ್ಪೊಪ್ಪಿಗೆ ಬಾಕಿಯಿದೆ. ಈ ಪತ್ರವನ್ನು ನಾನು ಹೊಲಿಗೆ ಯಂತ್ರದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ಕುಣಿದಿದ್ದರೆ ಕಾರಣ ಇದು: ಬ್ಯಾಂಡು ಈಗ ನನ್ನ ಕಾಲಲ್ಲಿದೆ. ಒಂಬತ್ತು ದಿನದಿಂದ ಅಕ್ಕನ ಇಪ್ಪತ್ತೆಂಟು ಸಾವಿರವನ್ನು ನಾನು ತುಳಿಯುತ್ತಿದ್ದೇನೆ. ಹೌದು, ಮೋಸ. ನೀವು ಶಂಕೆ ಪಟ್ಟಿದ್ದಿರಲ್ಲ, ಬೇರೆಯವರು ಧರಿಸಿದ್ದಾರೆಂದು, ಆಗ ಸುಳ್ಳಾಗಿದ್ದದ್ದನ್ನು ಈಗ ನಿಜ ಮಾಡಿದ್ದೇನೆ. ನಿಮ್ಮ ಯಂತ್ರ ನನ್ನನ್ನು ಹಿಡಿದಿಲ್ಲ. ನಿನ್ನೆ ನನಗೂ ಒಂದು ನಕ್ಷತ್ರ ಕೊಟ್ಟಿತು. ನನ್ನ ಎದುರಿಗೆ ಪರದೆ ಸರಿಸಿದ ಕೋಣೆಯಲ್ಲಿ ಅಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಾಳೆ. ಮಲಗಿದರೆ ಉಸಿರು ಕಟ್ಟುತ್ತದೆ. ನಾನು ತುಳಿಯುತ್ತೇನೆ, ತಲೆಯೆತ್ತಿ ಅವಳ ಎದೆ ಏರಿ ಇಳಿಯುವುದನ್ನು ನೋಡುತ್ತೇನೆ, ಮತ್ತೆ ತುಳಿಯುತ್ತೇನೆ. ಏರಲು ಒಂದು ಕ್ಷಣ ತಡವಾದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಆಗ ಅವಳು ಕಣ್ಣು ತೆರೆಯದೆಯೇ, ಯಾಕೆ ನಿಲ್ಲಿಸಿದೆ ಎನ್ನುತ್ತಾಳೆ.

ಇದನ್ನು ಅಚ್ಚು ಹಾಕಿದರೆ ಅವಳ ಹೆಸರು ರದ್ದಾಗಬಹುದೆಂದು ನನಗೆ ಗೊತ್ತು. ಹಾಕದಿದ್ದರೆ ಏನಾಗುತ್ತದೆಂದೂ ಗೊತ್ತು. ವೈದ್ಯೆ ಹೇಳಿದ್ದ ಮೂರು ತಿಂಗಳಲ್ಲಿ ಇನ್ನು ಹದಿನೇಳು ದಿನ ಉಳಿದಿದೆ. ಬರೆಯಲೇ ಎಂದು ಅಕ್ಕನನ್ನೇ ಕೇಳಿದೆ, ಹೆಸರು ಅವಳದು, ಎದೆ ಅವಳದು.

'ಬರಿ, ಕರಪತ್ರ' ಎಂದಳು. 'ಆದ್ರೆ ಬೈಬೇಡ. ಬೈದ್ರೆ ಅವ್ರು ಪೂರ್ತಿ ಓದಲ್ಲ.'

ಬೈದಿದ್ದೇನೆ, ಅಕ್ಕ ಕ್ಷಮಿಸಲಿ. ನೀವು ಇಲ್ಲಿಯವರೆಗೆ ಓದಿದ್ದರೆ ಕೇಳಿ, ನನ್ನ ಬೇಡಿಕೆ ಸಣ್ಣದು. ತುರ್ತು ಎಂದು ವೈದ್ಯರು ಬರೆದ ಯಾರನ್ನೂ, ಒಬ್ಬ ವೈದ್ಯರು ಎದೆಗೆ ಕಿವಿಯಿಟ್ಟು ಕೇಳದೆ ಪಟ್ಟಿಯಿಂದ ಇಳಿಸಕೂಡದು, ಇದನ್ನು ನಿಯಮ ಮಾಡಿ. ಅಹವಾಲು ಪೆಟ್ಟಿಗೆಯ ಬಾಯಿಗೆ ಹಾಕಿದ ಟೇಪು ಕೀಳಿ, ಅದರ ಹಿಂದೆ ಅಧಿಕಾರವಿರುವ ಒಬ್ಬ ಮನುಷ್ಯರನ್ನು ಕೂರಿಸಿ. ಇವೆರಡೂ ನಿಧಾನವಾಗಿ ಆಗಲಿ, ನಾವು ಹೋರಾಡಿ ಪಡೆಯುತ್ತೇವೆ, ಅಭ್ಯಾಸವಿದೆ. ಆದರೆ ಮೂರನೆಯದಕ್ಕೆ ನಿಧಾನವಿಲ್ಲ. ನನ್ನ ಅಕ್ಕನ ಸರದಿಯನ್ನು ಅವಳಿಗೆ ವಾಪಸು ಕೊಡಿ.

ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಈ ಪೆಡಲು ನಿಲ್ಲಿಸುತ್ತೇನೆ. ನಿಲ್ಲಿಸಿ, ಬ್ಯಾಂಡು ಬಿಚ್ಚಿ, ಅಕ್ಕನನ್ನು ಅದೇ ಕುರ್ಚಿಯಲ್ಲಿ ಕೂರಿಸಿಕೊಂಡು, ಒಂದು ಕಡೆ ನಾನು, ಇನ್ನೊಂದು ಕಡೆ ಬೀಗದವನು ಹಿಡಿದು, ನಿಮ್ಮ ಹೊಳೆಯುವ ನೆಲದ ಮೇಲೆ ತಂದಿಡುತ್ತೇವೆ. ಹಿಂದೆ ನಮ್ಮ ಬೆಂಚಿನ ಶಾಲೆ ಪೂರ್ತಿ ಬರುತ್ತದೆ, ಫೋನು ಹಿಡಿದುಕೊಂಡು. ಘೋಷಣೆ ಕೂಗುವುದಿಲ್ಲ. ಅಕ್ಕನ ಎದೆಯ ಸದ್ದು ನಿಮಗೆ ಕೇಳಿಸಬೇಕಲ್ಲ, ಅದಕ್ಕೆ ಎಲ್ಲರೂ ಸುಮ್ಮನಿರುತ್ತೇವೆ. ನೀವು ಒಂದು ಸ್ಟೆತಸ್ಕೋಪು ತಂದುಕೊಂಡು ಹೊರಗೆ ಬನ್ನಿ, ಅದನ್ನು ಕಿವಿಗೆ ಹಾಕಿಕೊಳ್ಳಲು ಬರುವ ಒಬ್ಬರನ್ನೂ ಕರೆತನ್ನಿ. ಅದಕ್ಕೂ ಮೊದಲು ನೀವೇ ನಮ್ಮ ಬೀದಿಗೆ ಬಂದರೆ ಇನ್ನೂ ಒಳ್ಳೆಯದು. ಬಾಗಿಲು ತೆರೆದೇ ಇದೆ. ಗುರುತು ಸುಲಭ, ತಿರುವಿನಲ್ಲೇ ಕೇಳಿಸುತ್ತದೆ, ಬಟ್ಟೆಯಿಲ್ಲದೆ ಓಡುತ್ತಿರುವ ಹೊಲಿಗೆ ಯಂತ್ರದ ಸದ್ದು. ಆ ಸದ್ದು ನಿಂತಿದ್ದರೆ ಮಾತ್ರ, ದಯವಿಟ್ಟು, ಓಡಿ ಬನ್ನಿ.

ಇಂತಿ,
ಒಂಬತ್ತು ದಿನದಲ್ಲಿ ಎರಡೂವರೆ ಲಕ್ಷ ಹೆಜ್ಜೆ ನಡೆದೂ
ನಿಮ್ಮ ಬಾಗಿಲು ಮುಟ್ಟದ,
ದರ್ಜಿಯ ತಂಗಿ